ಮೊದಲ ಸ್ನಾನದ ಲೇಖನ

ಕೂಸನ್ನು ಮುಟ್ಟುವ ಮೊದಲು ಸರ್ ಎರಡೂ ಅಂಗೈಗಳನ್ನು ಚೆನ್ನಾಗಿ ಉಜ್ಜಿಕೊಳ್ಳುತ್ತಿದ್ದರು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಆಮೇಲೆ ಅದರ ಎದೆಯ ಮೇಲಿಡುತ್ತಿದ್ದರು. ನಮ್ಮಂಥ ಕಿರಿಯ ಡಾಕ್ಟರುಗಳು ತಣ್ಣನೆಯ ಕೈ ಹಾಕಲು ಹೋದರೆ ಮಣಿಕಟ್ಟಿನ ಮೇಲೆ ಮೆಲ್ಲಗೆ ಒಂದು ಏಟು ಬೀಳುತ್ತಿತ್ತು. "ಒಂಬತ್ತು ತಿಂಗ್ಳು ಬೆಚ್ಚಗಿದ್ದು ಬಂದೈತೆ ಕಣಮ್ಮಾ, ನಿನ್ನ ಐಸ್ ಕೈ ಯಾಕೆ ಅದಕ್ಕೆ? ಮೊದ್ಲು ಪಾದ ಮುಟ್ಟಿ ನೋಡು. ಪಾದ ತಣ್ಣಗಿದ್ರೆ ಮಿಕ್ಕಿದ್ದೆಲ್ಲ ಆಮೇಲೆ," ಅನ್ನುತ್ತಿದ್ದರು.

ಈ ಮಾತನ್ನು ನಾನು ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಯಾರು ಹೇಳಿಕೊಟ್ಟದ್ದು ಎಂದು ಮಾತ್ರ ಹೇಳುವುದಿಲ್ಲ. ಅವರ ಹೆಸರೆತ್ತಿದರೆ ನನಗೆ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಹೋದ ತಿಂಗಳು ಸರ್ ತೀರಿಕೊಂಡರು. ಹಿಂದೆ ಅವರ ಕೈಕೆಳಗೆ ನಾನು ಕೆಲಸ ಮಾಡಿದ ಕಾಲೇಜಿನಿಂದ ಫೋನು ಬಂತು. ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. "ನೀವು ಅವರ ಅಚ್ಚುಮೆಚ್ಚಿನ ಶಿಷ್ಯೆ ಅಲ್ವಾ ಮೇಡಂ, ಎರಡು ಪುಟ ಬರ್ಕೊಡಿ," ಅಂದರು. ಆಗುವುದಿಲ್ಲ ಅಂದೆ. "ಕೆಲ್ಸ ಜಾಸ್ತಿನಾ ಮೇಡಂ?" "ಕೆಲ್ಸ ಏನಿಲ್ಲ. ಬರಿಯೋಕೆ ಇಷ್ಟ ಇಲ್ಲ." ಫೋನು ಮಾಡಿದ ಹುಡುಗಿ ಇಟ್ಟುಬಿಟ್ಟಳು. ಅವಳು ಇಟ್ಟ ಮೇಲೆ ಬರೆಯಬೇಕು ಅನ್ನಿಸಿತು. ಇದು ಆ ಸಂಚಿಕೆಗೆ ಹೋಗುವುದಿಲ್ಲ.

ಆ ಕಾಲೇಜು ನಮ್ಮ ಜಿಲ್ಲೆಯಲ್ಲೇ, ಹೆದ್ದಾರಿಯ ಪಕ್ಕದಲ್ಲಿದೆ. ಖಾಸಗಿ ಮೆಡಿಕಲ್ ಕಾಲೇಜು, ಜೊತೆಗೆ ಆಸ್ಪತ್ರೆ. ಸರ್ ಅಲ್ಲಿ ಮಕ್ಕಳ ವಿಭಾಗದ ಮುಖ್ಯಸ್ಥರು. ಆವತಿ ಪಕ್ಕದ ಹಳ್ಳಿಯ ಒಕ್ಕಲು ಮನೆತನ ಅವರದು. ಎತ್ತರದ ಆಳು, ಅಗಲವಾದ ಕೈಗಳು, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಣ್ಣುಮಕ್ಕಳನ್ನೆಲ್ಲ 'ಅಮ್ಮಣ್ಣಿ' ಎಂದು ಕರೆಯುತ್ತಿದ್ದರು. ನರ್ಸಿಂದ ಹಿಡಿದು ಡೀನರ ಹೆಂಡತಿಯವರೆಗೂ ಅದೇ ಮಾತು, ಅದೇ ದನಿ. ಅವರ ತೋಟದಲ್ಲಿ ಚಕ್ಕೋತದ ಮರಗಳಿದ್ದವು. ಕಾಯಿ ಬಿಡುವ ಕಾಲದಲ್ಲಿ ಅವರ ಮೇಜಿನ ಮೇಲೆ ಒಂದಾದರೂ ಹಣ್ಣು ಇರುತ್ತಿತ್ತು. ಮಾತಾಡುತ್ತಲೇ ಅದರ ದಪ್ಪ ಸಿಪ್ಪೆಯನ್ನು ಬೆರಳಿನಲ್ಲೇ ಸುಲಿದು, ತೊಳೆಯ ಮೇಲಿನ ಬಿಳಿ ಪೊರೆ ತೆಗೆದು, ಎದುರಿಗೆ ಕೂತವರ ಕೈಗಿಡುತ್ತಿದ್ದರು. ಬೇಡ ಅನ್ನುವ ಹಾಗಿರಲಿಲ್ಲ. ಬೈಸಿಕೊಳ್ಳಲು ಬಂದ ವಿದ್ಯಾರ್ಥಿಗೂ ಒಂದು ತೊಳೆ ಸಿಗುತ್ತಿತ್ತು, ಕಾಲೇಜಿನ ಮಾನ್ಯತೆಯ ತಪಾಸಣೆಗೆ ಬಂದ ಅಧಿಕಾರಿಗೆ ಒಂದು ಬುಟ್ಟಿ.

ಕೆಲಸ ಬಾರದ ಡಾಕ್ಟರಾಗಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಕೆಲಸ ಚೆನ್ನಾಗಿ ಬರುತ್ತಿತ್ತು. ನಾನು ಸೇರಿದ ಹೊಸತರಲ್ಲಿ, ಹುಟ್ಟಿದ ಮಗುವೊಂದು ಅಳಲಿಲ್ಲ. ಮೈಯೆಲ್ಲ ನೀಲಿ, ಕೈಕಾಲು ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಗಾಳಿ ಊದುವ ಚೀಲದ ಮುಖವಾಡ ನನ್ನ ಕೈಯಲ್ಲಿ ಮಗುವಿನ ಮೂತಿಯ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಸರ್ ಹಿಂದಿನಿಂದ ಬಂದು ನನ್ನನ್ನು ಪಕ್ಕಕ್ಕೆ ತಳ್ಳಲಿಲ್ಲ, ಕೂಗಾಡಲಿಲ್ಲ. ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, "ಹೂಂ, ಹಿಂಗೆ. ಗಲ್ಲ ಎತ್ತು ಸ್ವಲ್ಪ. ಈಗ ಒತ್ತು. ಬಿಡು. ಒತ್ತು," ಎಂದು ಜೋಗುಳ ಹಾಡಿದ ಹಾಗೆ ಹೇಳುತ್ತಾ ಹೋದರು. ಮಗು ಬಿಕ್ಕಿ ಅತ್ತಾಗ, "ನೋಡು, ನಿನ್ನ ಕೈಯಾರೆ ಉಸಿರಾಡ್ತು," ಅಂದು ಹೊರಟುಹೋದರು. ಹೊರಗೆ ಕಾಯುತ್ತಿದ್ದ ಅಪ್ಪನಿಗೂ ನಾನೇ ಉಳಿಸಿದೆನೆಂದು ಹೇಳಿದ್ದರಂತೆ. ಮೇಷ್ಟ್ರು ಅಂದರೆ ಹೀಗಿರಬೇಕು ಅಂದುಕೊಂಡಿದ್ದೆ.

ಇನ್ನು ಅವರ ಲೇಖನಗಳ ವಿಷಯ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಬಡ್ತಿ ಬೇಕಾದರೆ ಸಂಶೋಧನಾ ಲೇಖನ ಪ್ರಕಟವಾಗಿರಬೇಕು. ಒಳ್ಳೆಯ ಪತ್ರಿಕೆಗಳು ಲೇಖನವನ್ನು ಬಲ್ಲವರ ಹತ್ತಿರ ಓದಿಸಿ, ನೂರು ಪ್ರಶ್ನೆ ಕೇಳಿ, ತಿದ್ದಿಸಿ, ತಿಂಗಳುಗಟ್ಟಲೆ ಸತಾಯಿಸಿ ಆಮೇಲೆ ಹಾಕುತ್ತವೆ. ಇನ್ನೊಂದು ಜಾತಿಯ ಪತ್ರಿಕೆಗಳಿವೆ. ಹೆಸರು ಕೇಳಿದರೆ ಯಾವುದೋ ದೊಡ್ಡ ದೇಶದ ದೊಡ್ಡ ಪತ್ರಿಕೆ ಅನ್ನಿಸಬೇಕು. ಇರುವುದು ಒಂದು ವೆಬ್‌ಸೈಟು ಮಾತ್ರ. ಬರೆದವರು ಶುಲ್ಕ ಕಟ್ಟಿದರೆ ಕಳಿಸಿದ್ದನ್ನು ಕಳಿಸಿದ ಹಾಗೇ ಹಾಕುತ್ತಾರೆ, ಓದುವವರಿಗೆ ಪುಕ್ಕಟೆ. ಸರ್ ಅವರ ಲೇಖನಗಳೆಲ್ಲ ಅಲ್ಲೇ.

"ಪೇಪರ್ ಅಂದ್ರೆ ಬಸ್ ಪಾಸ್ ಕಣಮ್ಮಣ್ಣಿ," ಅನ್ನುತ್ತಿದ್ದರು. "ಕಂಡಕ್ಟರ್ ಕೇಳ್ದಾಗ ತೋರ್ಸು, ಜೇಬಿಗೆ ಹಾಕ್ಕೋ. ಅದ್ರಲ್ಲಿ ಏನ್ ಬರ್ದೈತೆ ಅಂತ ಯಾರಾದ್ರೂ ಓದ್ತಾರಾ?"

ಎಲ್ಲರೂ ನಗುತ್ತಿದ್ದರು. ನನಗೂ ಮೊದಮೊದಲು ತಮಾಷೆಯಾಗೇ ಕೇಳಿಸುತ್ತಿತ್ತು. ಆ ಲೇಖನಗಳು ಹೇಗೆ ಹುಟ್ಟುತ್ತವೆ ಎಂದು ನೋಡಿದ್ದು ಒಂದು ದಿನ ಮಧ್ಯಾಹ್ನ. ಯಾವುದೋ ರಜೆಗೆ ಸಹಿ ಹಾಕಿಸಲು ಅವರ ಕೋಣೆಗೆ ಹೋಗಿದ್ದೆ. ಸರ್ ಮೊಸರನ್ನ ಊಟ ಮಾಡುತ್ತಿದ್ದರು. ಎದುರಿಗೆ ಇಬ್ಬರು ಪಿ.ಜಿ. ವಿದ್ಯಾರ್ಥಿಗಳು ಕಂಪ್ಯೂಟರ್ ಮುಂದೆ. ಒಬ್ಬ ಕೇಳುತ್ತಿದ್ದ, "ಸರ್, ಈ ಗುಂಪಲ್ಲಿ ಎಷ್ಟು ಮಕ್ಕಳಿಗೆ ಜಾಂಡೀಸ್ ಅಂತ ಹಾಕ್ಲಿ?" ಸರ್ ಉಪ್ಪಿನಕಾಯಿ ನೆಕ್ಕಿಕೊಂಡು, "ಇನ್ನೊಂದು ನಾಕು ಇಳ್ಸು. ತೀರಾ ರೌಂಡ್ ನಂಬರ್ ಬೇಡ, ಅನುಮಾನ ಬರುತ್ತೆ," ಅಂದರು.

ಅವು ಮಕ್ಕಳು. ಇಲ್ಲದ ಮಕ್ಕಳು. ಅನ್ನದ ತುತ್ತಿನ ನಡುವೆ ಹುಟ್ಟಿಸಿ, ಜಾಂಡೀಸ್ ಬರಿಸಿ, ವಾಸಿ ಮಾಡಿ ಮನೆಗೆ ಕಳಿಸುತ್ತಿದ್ದರು. ನನ್ನ ಮುಖ ನೋಡಿ ಸರ್‌ಗೆ ಅರ್ಥವಾಗಿರಬೇಕು. "ಬಾ ಅಮ್ಮಣ್ಣಿ, ನೀನೂ ಒಂದ್ ಪೇಪರ್ ಮಾಡು," ಅಂದರು.

"ವಾರ್ಡಲ್ಲಿ ಮಕ್ಕಳಿದಾವಲ್ಲ ಸರ್. ಅವರನ್ನೇ ನೋಡಿ ಬರೆದರಾಗುತ್ತೆ. ನಿಧಾನ ಆಗ್ಲಿ."

"ನೇಯೋರ ಮನೆ ಹುಡುಗಿ ನೀನು. ಒಂದೊಂದೇ ಎಳೆ ಎಣಿಸ್ಕೊಂಡು ಕೂತಿರ್ತೀಯ," ಎಂದು ನಕ್ಕರು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಆಗ ಮಗ್ಗಗಳಿದ್ದವು. ಅದು ಅವರಿಗೆ ಗೊತ್ತಿತ್ತು, ಯಾವಾಗಲಾದರೂ ಹೀಗೆ ಎತ್ತಿ ಆಡುತ್ತಿದ್ದರು. ಹುಡುಗರಿಬ್ಬರೂ ನಕ್ಕರು. ನಾನು ಸಹಿ ಹಾಕಿಸಿಕೊಂಡು ಬಂದೆ.

ಲೇಖನ ಎಲ್ಲರಿಗೂ ಪುಕ್ಕಟೆ ಸಿಗಬೇಕು ಅನ್ನುವುದರಲ್ಲಿ ನನಗೆ ಎಂದೂ ಅನುಮಾನವಿಲ್ಲ. ನಾನು ಓದುವಾಗ, ಬೇಕಾದ ಲೇಖನದ ಮೊದಲ ನಾಲ್ಕು ಸಾಲು ತೋರಿಸಿ, ಮುಂದಕ್ಕೆ ಹೋಗಬೇಕಾದರೆ ಡಾಲರ್ ಕೊಡು ಅನ್ನುವ ಪುಟಗಳ ಮುಂದೆ ಎಷ್ಟೋ ಸಲ ಕೂತು ಎದ್ದಿದ್ದೇನೆ. ಆಮೇಲೆ ಬಾಗಿಲು ತೆರೆದಿಟ್ಟ ಒಳ್ಳೊಳ್ಳೆಯ ಪತ್ರಿಕೆಗಳು ಬಂದವು. ತಿಂಗಳು ತುಂಬದ ಮಗುವನ್ನು ತಾಯಿಯ ಬರಿಮೈಗೆ ಒರಗಿಸಿ ಹೇಗೆ ಬೆಚ್ಚಗಿಡಬೇಕು, ಯಂತ್ರವಿಲ್ಲದ ಕಡೆ ಏನು ಮಾಡಬೇಕು, ಇದನ್ನೆಲ್ಲ ಅಂಥ ಪತ್ರಿಕೆಗಳಲ್ಲೇ ಕಲಿತೆ. ಬರೆದವರು ಎಲ್ಲೆಲ್ಲಿಯವರೋ. ಬಡ ಊರುಗಳ ಆಸ್ಪತ್ರೆಗಳಲ್ಲಿ ನಿಜವಾದ ಮಕ್ಕಳ ಪಕ್ಕದಲ್ಲಿ ನಿಂತು ನೋಡಿ ಬರೆದವರು. ಊರಾಚೆಯ ಸಣ್ಣ ಆಸ್ಪತ್ರೆಯಲ್ಲಿ ಒಬ್ಬನೇ ಕೂತಿರುವ ಡಾಕ್ಟರಿಗೆ ಇವರೇ ಮೇಷ್ಟ್ರು. ಅದೇ ಬಾಗಿಲಿನಿಂದ ಸರ್ ಅಂಥವರೂ ಒಳಗೆ ಬಂದರು. ಹೊರಗಿನಿಂದ ನೋಡುವವನಿಗೆ ಎರಡೂ ಲೇಖನಗಳು ಒಂದೇ ಥರ ಕಾಣುತ್ತವೆ. ಅದೇ ಅಚ್ಚು, ಅದೇ ಕೋಷ್ಟಕ.

ಡಿಸೆಂಬರಿನ ಒಂದು ಬೆಳಿಗ್ಗೆ ವಾರ್ಡಿನಲ್ಲಿ ರೌಂಡ್ಸ್ ಮಾಡುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು. ಹೊಸಕೋಟೆ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಡಾಕ್ಟರು, ಚೇತನ್ ಅಂತ. ಎಂ.ಬಿ.ಬಿ.ಎಸ್. ಮುಗಿಸಿ ಬಂದು ಹೆಚ್ಚು ಕಾಲವಾಗಿರಲಿಲ್ಲ ಎಂದು ದನಿಯಲ್ಲೇ ತಿಳಿಯುತ್ತಿತ್ತು.

"ಮೇಡಂ, ನಿಮ್ಮ ಲೇಖನದ ಕೆಳಗೆ ನಿಮ್ಮ ನಂಬರ್ ಇತ್ತು, ಅದಕ್ಕೆ ಮಾಡ್ದೆ. ಒಂದು ಮಗು ತಣ್ಣಗಾಗ್ತಿದೆ. ತೂಕ ಎರಡು ಕೆ.ಜಿ.ಗೂ ಕಡಿಮೆ. ಹುಟ್ಟಿದ ಒಂದು ಗಂಟೆಲಿ ಬಿಸಿನೀರು ಸ್ನಾನ ಮಾಡ್ಸಿದ್ವಿ, ನೀವು ಬರ್ದಿರೋ ಹಾಗೇನೇ. ಈಗ ಹಾಲು ಕುಡೀತಿಲ್ಲ. ಹೀಗಾದ್ರೆ ಏನ್ ಮಾಡ್ಬೇಕು ಅಂತ ಲೇಖನದಲ್ಲಿ ಇಲ್ಲ."

"ಯಾವ ಲೇಖನ?"

"ಮೊದಲ ಸ್ನಾನದ ಬಗ್ಗೆ ಮೇಡಂ. ಕಡಿಮೆ ತೂಕದ ಮಕ್ಕಳಿಗೆ ಬೇಗ ಸ್ನಾನ ಮಾಡ್ಸಿದ್ರೆ ತೊಂದ್ರೆ ಇಲ್ಲ, ಚರ್ಮದ ಸೋಂಕು ಕಡಿಮೆ ಆಗುತ್ತೆ ಅಂತ. ನಿಮ್ಮ ಸರ್ ಹೆಸರು, ನಿಮ್ಮ ಹೆಸರು."

ಹುಟ್ಟಿದ ಮಗುವಿಗೆ ಮೊದಲ ದಿನ ನೀರು ಹಾಕಬಾರದು, ಒರೆಸಿ ತಾಯಿಯ ಎದೆಗೆ ಒರಗಿಸಬೇಕು, ತೂಕ ಕಡಿಮೆ ಇದ್ದರೆ ಸ್ನಾನ ಇನ್ನೂ ಮುಂದಕ್ಕೆ ಹೋಗಬೇಕು. ಇದು ಈಗ ಆಶಾ ಕಾರ್ಯಕರ್ತೆಯರೂ ಮನೆಮನೆಗೆ ಹೋಗಿ ಹೇಳುವ ಮಾತು. ಅದಕ್ಕೆ ತದ್ವಿರುದ್ಧವಾದದ್ದು ನನ್ನ ಹೆಸರಿನಲ್ಲಿ ಅಚ್ಚಾಗಿದೆ ಎಂದು ನನಗೆ ಗೊತ್ತಾದದ್ದು ಹೀಗೆ. ಜಗಳಕ್ಕೆ ಅದು ಹೊತ್ತಲ್ಲ. "ಮಗು ಬಟ್ಟೆ ಬಿಚ್ಚಿ ತಾಯಿ ಎದೆ ಮೇಲೆ ಹಾಕಿ, ಇಬ್ಬರಿಗೂ ಸೇರಿಸಿ ಹೊದಿಕೆ ಸುತ್ತಿ. ತಲೆಗೆ ಟೋಪಿ. ಸಕ್ಕರೆ ಅಂಶ ನೋಡಿ, ತಾಯಿನೂ ಸೇರಿಸಿ ಹಾಗೇ ಕಳ್ಸಿ," ಅಂದೆ.

ಮಗು ಬಂದಾಗ ನಾನು ಮೊದಲು ಪಾದವನ್ನೇ ಮುಟ್ಟಿದೆ. ಕಲ್ಲು ಮುಟ್ಟಿದ ಹಾಗಿತ್ತು. ಗಂಡು ಕೂಸು, ತಲೆತುಂಬ ಕೂದಲು. ನಿಧಾನವಾಗಿ ಬೆಚ್ಚಗೆ ಮಾಡಿದೆವು, ಸಕ್ಕರೆ ಕೊಟ್ಟೆವು, ಮೈ ಸ್ವಲ್ಪ ಕೆಂಪಾಯಿತು. ಮಾರನೆಯ ದಿನ ಬೆಳಿಗ್ಗೆ ಬಾಯಿಂದ ರಕ್ತ ಬಂತು. ಸಣ್ಣ ಮಕ್ಕಳು ತೀರಾ ತಣ್ಣಗಾದರೆ ಶ್ವಾಸಕೋಶದಲ್ಲಿ ಹೀಗೆ ರಕ್ತ ಸುರಿಯುವುದುಂಟು. ಮಧ್ಯಾಹ್ನದ ಹೊತ್ತಿಗೆ ಹೋಯಿತು.

ಅವರದು ಸಮೇತನಹಳ್ಳಿಯ ಕಡೆಯ ಬೇಸಾಯದ ಮನೆ. ಮಗುವಿನ ಅಪ್ಪ ಬಾಗಿಲ ಹತ್ತಿರ ನಿಂತೇ ಇದ್ದ. ಅಜ್ಜಿ ನೆಲದ ಮೇಲೆ ಕೂತು ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತಿತ್ತು. "ನಾನೇ ಕಣವ್ವ ನೀರು ಹಾಕಿದ್ದು," ಅಂದಿತು. "ನಂಗೆ ಮೊದ್ಲಿಂದ ಆಸೆ. ಹೋದ್ಸಲ ಮಗಳ ಮಗೂಗೆ ಹಾಕ್ಬ್ಯಾಡಿ ಅಂದಿದ್ರು. ಈ ಸಲ ಡಾಕ್ಟ್ರೇ ಹಾಕಿ ಅಂದ್ರು. ನೀರು ಚೆನ್ನಾಗೇ ಕಾದಿತ್ತವ್ವಾ. ನಂದೇನಾರ ತಪ್ಪಾಯ್ತಾ?"

"ನಿಮ್ಮ ತಪ್ಪಲ್ಲ ಅಜ್ಜಿ," ಅಂದೆ. ಇನ್ನೂ ಏನೋ ಹೇಳಬೇಕಿತ್ತು. ಯಾರ ತಪ್ಪು ಎಂದು ಕೇಳಿದ್ದರೆ ಹೇಳುತ್ತಿದ್ದೆನೇನೋ. ಕೇಳಲಿಲ್ಲ. ಒಂದು ಪಂಚೆಯಲ್ಲಿ ಕೂಸನ್ನು ಸುತ್ತಿಕೊಂಡು ಹೋದರು.

ಲೇಖನವನ್ನು ಆ ಸಂಜೆ ಓದಿದೆ. ನಮ್ಮ ಆಸ್ಪತ್ರೆಯಲ್ಲೇ ಅಧ್ಯಯನ ನಡೆಸಿದ್ದಾಗಿ ಬರೆದಿದ್ದರು. ಆ ಅವಧಿಯಲ್ಲಿ ನಾನು ಆ ವಾರ್ಡಿನಲ್ಲೇ ಇದ್ದೆ. ಅಂಥ ಸ್ನಾನ ಒಂದೂ ನಡೆದಿಲ್ಲ. ನಡೆಯಲು ಸರ್ ಅವರೇ ಬಿಡುತ್ತಿರಲಿಲ್ಲ. ನೀರಿನ ಶಾಖ ಎಷ್ಟು, ಒರೆಸಿದ್ದು ಹೇಗೆ, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ವಿವರಿಸಿದ್ದರು. ಕೊನೆಯಲ್ಲಿ ತಾಯಂದಿರಿಗೆ ಕೃತಜ್ಞತೆ ಹೇಳಿದ್ದರು. ಅದನ್ನು ಓದಿ, ಎದ್ದು ಬಚ್ಚಲಿಗೆ ಹೋಗಿ ಬಾಯಿ ತೊಳೆದುಕೊಂಡೆ.

ಮರುದಿನ ಅವರ ಕೋಣೆಗೆ ಹೋದೆ. ಚಕ್ಕೋತ ಸುಲಿಯುತ್ತಿದ್ದರು.

"ಸರ್, ಈ ಅಧ್ಯಯನ ಯಾವಾಗ ನಡೀತು?"

ಕಾಗದದ ಕಡೆ ಕಣ್ಣು ಹಾಯಿಸಿ, "ಓ, ಅದಾ. ಕೂತ್ಕೊ ಅಮ್ಮಣ್ಣಿ," ಅಂದರು. "ನಿನ್ನ ಪ್ರಮೋಷನ್‌ಗೆ ಪೇಪರ್ ಸಾಲದಾಗಿತ್ತಲ್ಲ, ಹಾಕ್ದೆ. ಸಂಪರ್ಕಕ್ಕೂ ನಿನ್ನ ಹೆಸರೇ ಕೊಟ್ಟಿದೀನಿ, ಅದಕ್ಕೆ ಜಾಸ್ತಿ ಬೆಲೆ. ಥ್ಯಾಂಕ್ಸ್ ಹೇಳೋಕೆ ಬಂದೆ ಅಂದ್ಕೊಂಡೆ."

"ನನ್ನ ಒಂದು ಮಾತು ಕೇಳ್ಬೇಕಿತ್ತು ಸರ್."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ನಿನ್ನೆ ಒಂದು ಮಗು ಹೋಯ್ತು. ಹೊಸಕೋಟೆ ಕಡೆ ಒಬ್ಬ ಡಾಕ್ಟ್ರು ಈ ಲೇಖನ ನೋಡಿ ಅದಕ್ಕೆ ಸ್ನಾನ ಮಾಡ್ಸಿದ್ರು."

ಸುಲಿಯುವುದು ನಿಂತಿತು. ಮುಖದಲ್ಲಿ ಏನೋ ಬದಲಾಯಿತು. ದುಃಖವಾಯಿತೇನೋ ಎಂದು ಒಂದು ಕ್ಷಣ ಅಂದುಕೊಂಡೆ. ಅದು ಆಶ್ಚರ್ಯ.

"ಓದಿದ್ನಾ?" ಅಂದರು. "ಪೂರ್ತಿ?"

"ಓದಿ, ಮಾಡಿದಾರೆ ಸರ್."

"ಎಂಥಾ ಪೆದ್ದ," ಎಂದು ತಲೆಯಾಡಿಸಿದರು. ಮತ್ತೆ ಬೆರಳುಗಳು ಸಿಪ್ಪೆಗೆ ಹೋದವು. "ಅಷ್ಟು ಸಣ್ಣ ಮಗು, ಹೆಂಗಿದ್ರೂ ಹೋಗ್ತಿತ್ತು ಬಿಡು. ನಿಂಗೂ ಗೊತ್ತು. ಸ್ನಾನದಿಂದಾನೇ ಹೋಯ್ತು ಅಂತ ಯಾರ್ ಹೇಳ್ತಾರೆ?"

ಯಾರೂ ಹೇಳಲಾರರು, ಅದು ನಿಜ. ಅಂಥ ಕೂಸುಗಳು ಹತ್ತು ಕಾರಣಕ್ಕೆ ಹೋಗುತ್ತವೆ. ಅದನ್ನು ಅವರು ಅಷ್ಟು ಬೇಗ ಹುಡುಕಿಕೊಂಡರಲ್ಲ, ನೋವು ಅನ್ನುವುದು ಹತ್ತಿರ ಸುಳಿಯುವ ಮೊದಲೇ. ಒಂದು ತೊಳೆ ಬಿಡಿಸಿ ನನ್ನ ಕಡೆ ಚಾಚಿದರು. "ತಗೋ. ಮನಸ್ಸಿಗೆ ಹಚ್ಕೋಬೇಡ." ಹಣ್ಣಿನ ರಸ ಅವರ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ನಾನು ತೆಗೆದುಕೊಳ್ಳಲಿಲ್ಲ. ಎದ್ದು ಬಂದೆ. ಚಕ್ಕೋತದ ವಾಸನೆ ಆವತ್ತಿನಿಂದ ನನಗೆ ಆಗುವುದಿಲ್ಲ.

ಪತ್ರಿಕೆಗೆ ಬರೆದೆ: ಈ ಅಧ್ಯಯನ ನಡೆದಿಲ್ಲ, ನನ್ನ ಒಪ್ಪಿಗೆಯಿಲ್ಲದೆ ನನ್ನ ಹೆಸರು ಹಾಕಿದ್ದಾರೆ, ಲೇಖನ ಹಿಂತೆಗೆಯಿರಿ. 'ಪ್ರಿಯ ಗೌರವಾನ್ವಿತ ಸಂಶೋಧಕರೇ' ಎಂದು ಉತ್ತರ ಬಂತು. ಹಿಂತೆಗೆಯಲು ಎಲ್ಲ ಲೇಖಕರ ಸಹಿ ಬೇಕು, ಅದಕ್ಕೂ ಶುಲ್ಕವಿದೆ ಎಂದಿದ್ದರು. ಕೊನೆಯಲ್ಲಿ, ಮುಂದಿನ ಸಂಚಿಕೆಗೆ ಲೇಖನ ಕಳಿಸಬಹುದೇ ಎಂದು ಕೇಳಿದ್ದರು. ಡೀನರ ಹತ್ತಿರ ಹೋದೆ. ಅವರು ಬಾಗಿಲು ಹಾಕಿಸಿ ಎಲ್ಲ ಕೇಳಿದರು. "ನೀವು ಹೇಳೋದು ನಿಜ ಇರ್ಬೋದಮ್ಮ. ತಪಾಸಣೆ ಹತ್ರ ಬಂತು, ಈಗ ಇದನ್ನ ಎತ್ತಿದ್ರೆ ಕಾಲೇಜಿಗೇ ಏಟು. ಒಂದು ಸಮಿತಿ ಮಾಡಣ," ಅಂದರು. ಸಮಿತಿ ಆಯಿತು. ಸರ್ ಜೊತೆ ಅದೇ ಥರದ ಲೇಖನಗಳಲ್ಲಿ ಹೆಸರು ಹಂಚಿಕೊಂಡವರೇ ಅದರಲ್ಲಿ ಕೂತರು. ಸಂವಹನದ ಕೊರತೆಯಿಂದಾದ ತಾಂತ್ರಿಕ ಲೋಪ ಎಂದು ತೀರ್ಮಾನವಾಯಿತು. ಸಭೆ ಮುಗಿದ ಮೇಲೆ ಕಾಫಿ, ಪಕೋಡ. ಸತ್ತ ಮಗುವಿನ ವಿಷಯ ನಾನು ಎತ್ತಿದಾಗ, ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಆ ಪದ ಹೇಳಿದವರ ಬಾಯಲ್ಲಿ ಪಕೋಡ ಇತ್ತು.

ಹೀಗೆ ಪ್ರಕಟವಾದ ಲೇಖನಗಳ ಬಗ್ಗೆ ಓದುಗರು ಬಹಿರಂಗವಾಗಿ ಬರೆಯುವ ಒಂದು ತಾಣವಿದೆ. ಅಲ್ಲಿ ನನ್ನ ಹೆಸರಿನಲ್ಲೇ, ಇದು ಸುಳ್ಳು ಎಂದು ಬರೆದೆ. ಈಗಲೂ ಇದೆ. ಲೇಖನವೂ ಇದೆ. ಲೇಖನ ಸಿಕ್ಕಷ್ಟು ಸುಲಭವಾಗಿ ನನ್ನ ಮಾತು ಸಿಗುವುದಿಲ್ಲ.

ಚೇತನ್ ಒಂದು ಸಲ ನನ್ನನ್ನು ನೋಡಲು ಬಂದ. ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿಯಂದಿರು ಸ್ನಾನಕ್ಕಾಗಿ ದಿನವೂ ಜಗಳ ತೆಗೆಯುತ್ತಿದ್ದರಂತೆ. ಯಾರು ಸರಿ ಎಂದು ತಿಳಿಯಲು ಹುಡುಕಿದನಂತೆ. ದುಡ್ಡು ಕೇಳದೆ ಪೂರ್ತಿ ತೆರೆದುಕೊಂಡದ್ದು ಅದೊಂದೇ, ಅದೂ ನಮ್ಮ ಜಿಲ್ಲೆಯದೇ ಆಸ್ಪತ್ರೆಯದು.

"ಹೊರದೇಶದ್ದಾಗಿದ್ರೆ ಅನುಮಾನ ಪಡ್ತಿದ್ದೆ ಮೇಡಂ," ಅಂದ. "ನಮ್ಮ ಕಡೆ ಮಕ್ಕಳನ್ನೇ ನೋಡಿ ಬರ್ದಿದಾರೆ ಅಂತ ನಂಬ್ದೆ."

ಆ ಮಗುವಿನ ಅಜ್ಜಿಯ ಹತ್ತಿರ ಹೋಗಿದ್ದೆ ಅಂದ. ಏನು ಹೇಳಿದೆ ಎಂದು ಕೇಳಿದೆ. 'ನಾನು ಹೇಳಿದ್ದು ತಪ್ಪಾಗಿತ್ತು ಅಜ್ಜಿ' ಅಂತ ಹೇಳಿದನಂತೆ. ಅಜ್ಜಿ ಕಾಫಿ ಕೊಟ್ಟು ಕಳಿಸಿತಂತೆ. ಹೆರಿಗೆ ಆಸ್ಪತ್ರೆ ಬಿಟ್ಟು ಈಗ ಅವನು ಯಾವುದೋ ಕಾರ್ಖಾನೆಯಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಳ್ಳುತ್ತಾನೆ. ಒಳ್ಳೆಯ ಮಕ್ಕಳ ಡಾಕ್ಟರಾಗುತ್ತಿದ್ದ. ತನ್ನ ತಪ್ಪು ಎಷ್ಟು, ಬೇರೆಯವರದೆಷ್ಟು ಎಂದು ಅವನು ಲೆಕ್ಕ ಹಾಕಲಿಲ್ಲ. ಅದನ್ನು ಮಾಡಬೇಕಾದವರು ಬೇರೆ ಇದ್ದರು.

ನಾನು ಆ ಕಾಲೇಜು ಬಿಟ್ಟು ನೆಲಮಂಗಲದ ಒಂದು ಬೋಧನಾ ಆಸ್ಪತ್ರೆಗೆ ಸೇರಿದೆ. ಸರ್ ನಿವೃತ್ತರಾದರು. ಬೀಳ್ಕೊಡುಗೆಯ ಫೋಟೋಗಳನ್ನು ಯಾರೋ ನನ್ನ ಫೋನಿಗೆ ಕಳಿಸಿದರು. ಮೈಸೂರು ಪೇಟ, ಗಂಧದ ಹಾರ, ಹಿಂದೆ ದೊಡ್ಡ ಬ್ಯಾನರಿನಲ್ಲಿ ಅವರ ಪ್ರಕಟಿತ ಲೇಖನಗಳ ಸಂಖ್ಯೆ. ಸ್ನಾನದ್ದೂ ಅದರಲ್ಲಿ ಸೇರಿರಬೇಕು.

ಅದಾಗಿ ಸ್ವಲ್ಪ ಕಾಲದ ಮೇಲೆ ಅವರೇ ಫೋನು ಮಾಡಿದರು. ಏನೂ ನಡೆದೇ ಇಲ್ಲವೆಂಬಂತೆ, "ಹೆಂಗಿದೀಯ ಅಮ್ಮಣ್ಣಿ?" ಅಂದರು. ಅವರ ಮಗಳನ್ನು ಕೊಟ್ಟಿದ್ದು ನೆಲಮಂಗಲಕ್ಕೆ. ತುಂಬು ತಿಂಗಳಿಗೆ ಮೊದಲೇ ನೋವು ಕಾಣಿಸಿಕೊಂಡು ನಮ್ಮ ಆಸ್ಪತ್ರೆಗೆ ಸೇರಿಸಿದ್ದರು. "ಮಗೂನ ನೀನೇ ನೋಡ್ಕೋಬೇಕು. ಬೇರೆಯವರ ಕೈಗೆ ಕೊಡ್ಬೇಡ," ಅಂದರು. ಅಷ್ಟು ನಂಬಿಕೆ ನನ್ನ ಮೇಲೆ. ಅದನ್ನು ಕೇಳಿ ನನಗೆ ಮೈ ಉರಿಯಿತು. ಮಗು ಯಾರದಾದರೇನು, ನೋಡಿಕೊಂಡೆ.

ಹೆಣ್ಣು ಮಗು. ಸಣ್ಣದು, ಆದರೆ ಗಟ್ಟಿಗಿತ್ತಿ. ಒರೆಸಿ, ಟೋಪಿ ಹಾಕಿ, ತಾಯಿಯ ಎದೆಗೆ ಒರಗಿಸಿದೆವು. ಮೊದಲ ದಿನವೇ ಮೊಲೆ ಚೀಪಿತು. ಮಾರನೆಯ ಬೆಳಿಗ್ಗೆ ನಾನು ಕೋಣೆಗೆ ಹೋದಾಗ ಸರ್ ಕುರ್ಚಿಯಲ್ಲಿ ಕೂತಿದ್ದರು. ಮಗಳು ಹಾಸಿಗೆಯ ಮೇಲೆ, ಮಗು ಅವಳ ಎದೆಯ ಮೇಲೆ. ಮಗಳ ಅತ್ತೆ, ನಿವೃತ್ತ ಶಾಲಾ ಶಿಕ್ಷಕಿ, ಬಕೆಟ್ಟು ಟವೆಲ್ಲು ಎಲ್ಲ ಜೋಡಿಸಿಕೊಂಡು ನಿಂತಿದ್ದರು.

"ನೀರು ಮುಟ್ಟಿಸ್ಬೇಡಿ ಬೀಗಿತ್ತಿ," ಸರ್ ಅಂದರು. ಅವರ ದನಿ ಅಷ್ಟು ಗಡುಸಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಇನ್ನೂ ಹತ್ತು ದಿನ ಸ್ನಾನದ ಮಾತೇ ಎತ್ಬೇಡಿ."

"ಅಯ್ಯೋ, ನೀವೇ ಬರ್ದಿದೀರಲ್ಲ ಬೀಗರೇ," ಆಕೆ ನಗುತ್ತಾ ಹೇಳಿದರು. "ಸಂಬಂಧ ಕುದುರಿದಾಗ ನಿಮ್ಮ ಹೆಸರು ಹಾಕಿ ಫೋನಲ್ಲಿ ಹುಡುಕಿದ್ದೆ. ಸಣ್ಣ ಮಕ್ಳಿಗೂ ಬೇಗ ಸ್ನಾನ ಮಾಡ್ಸಿದ್ರೆ ಒಳ್ಳೇದು ಅಂತಿತ್ತು. ಪೂರ್ತಿ ಓದಿದೀನಿ. ನಮ್ಮೋರಿಗೆಲ್ಲ ಕಳ್ಸಿದೀನಿ."

ಸರ್ ನನ್ನ ಕಡೆ ನೋಡಲಿಲ್ಲ. "ಅದು ಬೇರೆ," ಅಂದರು.

"ಬೇರೆ ಅಂದ್ರೆ?"

"ಅದು ಬೇರೆ ಮಕ್ಕಳ ವಿಷ್ಯ ಬೀಗಿತ್ತಿ. ನಿಮಗೆ ಅರ್ಥ ಆಗಲ್ಲ."

ನಾನು ಆಗ ಆಡಿದ ಮಾತನ್ನು ಬಾಣಂತಿಯ ಮುಂದೆ ಎತ್ತಬಾರದಿತ್ತು ಎಂದು ನನ್ನ ಗಂಡ ಆಮೇಲೆ ಮನೆಯಲ್ಲಿ ಹೇಳಿದ. ಇರಬಹುದು. ಆದರೆ ಆಕೆ ಅದನ್ನು ತಮ್ಮವರಿಗೆಲ್ಲ ಕಳಿಸಿದ್ದರು. ಆ ಮನೆಗಳಲ್ಲೂ ಬಸುರಿಯರಿರುತ್ತಾರೆ.

"ಆ ಲೇಖನ ಸುಳ್ಳಮ್ಮಾ," ಎಂದು ಆಕೆಗೆ ಹೇಳಿದೆ. "ಅದರಲ್ಲಿರೋ ಮಕ್ಕಳು ಯಾರೂ ಹುಟ್ಟೇ ಇಲ್ಲ. ನನ್ನ ಹೆಸರೂ ಅದರಲ್ಲಿದೆ, ನನಗೆ ಗೊತ್ತಿಲ್ದೆ ಹಾಕಿದ್ದು. ಅದನ್ನ ನಂಬಿ ಸ್ನಾನ ಮಾಡ್ಸಿದ ಒಂದು ಮಗು ತಣ್ಣಗಾಗಿ ನನ್ನ ಕಣ್ಮುಂದೆ ಹೋಯ್ತು. ಕಳ್ಸಿರೋರಿಗೆಲ್ಲ ಇವತ್ತೇ ಫೋನ್ ಮಾಡಿ ಹೇಳ್ಬಿಡಿ."

ಆಕೆ ಟವೆಲ್ಲನ್ನು ಕುರ್ಚಿಯ ಮೇಲಿಟ್ಟರು. ನಗು ಇನ್ನೂ ಮುಖದ ಮೇಲೆ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಗೊತ್ತಾಗದವರ ಹಾಗೆ. ಸರ್ ಕಿಟಕಿಯ ಕಡೆ ತಿರುಗಿದ್ದರು. ಹೊರಗೆ ತುಮಕೂರು ರಸ್ತೆಯ ಲಾರಿಗಳು ಸಾಲುಗಟ್ಟಿದ್ದವು.

ಮಗಳು ತಲೆ ಎತ್ತಿ ಅವರನ್ನೇ ನೋಡುತ್ತಿದ್ದಳು. "ಅಪ್ಪಾ," ಅಂದಳು, "ನಿಜಾನಾ?"

ಸರ್ ತಿರುಗಿ ಮಗುವನ್ನು ನೋಡಿದರು. ಮಗಳು ಎದ್ದು ಕೂರಲು ಹೋದಾಗ ಅದರ ಬೆನ್ನ ಮೇಲಿನ ದುಪ್ಪಟಿ ಜಾರಿತ್ತು.

"ಮಗೂಗೆ ಸರಿಯಾಗಿ ಹೊದಿಸಮ್ಮ," ಅಂದರು. "ಚಳಿ ಆಗುತ್ತೆ."

ಅವರು ಹೇಳಿದ್ದು ಸರಿಯಾಗಿತ್ತು. ನಾನೇ ಹತ್ತಿರ ಹೋಗಿ ಹೊದಿಸಿದೆ.